ಮಾವನ ಫೋಟೋ ಲೈವಿಗೆ ಹೋದ ದಿನ

ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು. ಸುಳ್ಯದ ನಮ್ಮ ಆಫೀಸಿನ ಮೇಜಿನ ಗಾಜು ಒಡೆದದ್ದು ನನ್ನ ಕೈಯಿಂದಲೇ. ಆದರೆ ಸಿಟ್ಟಿನಲ್ಲಿ ಒಬ್ಬ ಮನುಷ್ಯನನ್ನು ಹಲ್ಲಿನಿಂದ ಕಚ್ಚಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡು ಬಂದ ವಯಸ್ಸಾದವರನ್ನು.

ನಮ್ಮದು ರಬ್ಬರ್ ಅಂಗಡಿಯೊಂದರ ಮಾಳಿಗೆಯ ಮೇಲಿನ ಸಣ್ಣ ಆಫೀಸು. ನಾನು ಮತ್ತು ನನ್ನ ಪಾಲುದಾರ, ಇಬ್ಬರೇ. ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಊರಿನ ಸುದ್ದಿಗಳ ವೆಬ್‌ಸೈಟೊಂದನ್ನು ನಾವೇ ಕಟ್ಟಿ ನಾವೇ ನಡೆಸುತ್ತಿದ್ದೆವು. ನಮ್ಮ ಓದುಗರು ಅಡಿಕೆ ಧಾರಣೆಗಿಂತ ಮೊದಲು ತೆಗೆಯುವುದು ನಿಧನ ವಾರ್ತೆ. ಅದನ್ನು ಹಾಕಿದ ಕೂಡಲೇ ಪುತ್ತೂರಿನಿಂದ ಕಡಬದವರೆಗೆ ಮೊಬೈಲುಗಳಿಗೆ ತಾನಾಗಿಯೇ ಸಂದೇಶ ಹೋಗುತ್ತಿತ್ತು.

ಇಂಥ ಸೈಟಿಗೆ ಎರಡು ಪ್ರತಿ ಇರುತ್ತವೆ. ಒಂದು ಲೈವ್, ಊರಿಗೆಲ್ಲ ಕಾಣುವುದು. ಇನ್ನೊಂದು ಟೆಸ್ಟ್, ನಮಗೆ ಮಾತ್ರ. ಹೊಸ ವಿನ್ಯಾಸವನ್ನು ಟೆಸ್ಟಿನಲ್ಲಿ ಮಾಡಿ, ಸರಿ ಕಂಡ ಮೇಲೆ ವಿನ್ಯಾಸವನ್ನು ಮಾತ್ರ ಲೈವಿಗೆ ನಕಲು ಮಾಡಬೇಕು. ನೋಡುವುದಕ್ಕೆಂದು ತುಂಬಿಸಿದ ಸುಳ್ಳು ಸುದ್ದಿ, ಸುಳ್ಳು ಫೋಟೋ ಟೆಸ್ಟಿನಲ್ಲೇ ಉಳಿಯಬೇಕು.

ನಿಧನ ವಾರ್ತೆಗೆ ಹೊಸ ಚೌಕಟ್ಟು ಮಾಡುವಾಗ ಪಾಲುದಾರ ತನ್ನ ಸೋದರಮಾವನ ಫೋಟೋ ಹಾಕಿದ್ದ. ಆಸ್ಪತ್ರೆಯ ಕಾರ್ಡಿಗೆಂದು ತೆಗೆದದ್ದು ಮೊಬೈಲಿನಲ್ಲಿತ್ತು. ಕೆಳಗೆ ಮಾವನದೇ ಹೆಸರು, ಮಂಡೆಕೋಲು ಎಂಬ ಊರು. ನೋಡಿ ನನಗೆ ಮೈ ಉರಿಯಿತು.

"ಬದುಕಿದವರದ್ದು ಎಂತಕ್ಕೆ ಹಾಕುದು ಮಾರಾಯ? ಒಂದು ಸೋರೆಕಾಯಿಯ ಚಿತ್ರ ಹಾಕು!"

"ಸೋರೆಕಾಯಿಗೆ ಗಲ್ಲ ಉಂಟಾ ಅಕ್ಕ? ಚೌಕಟ್ಟಿನಲ್ಲಿ ಗಲ್ಲ ತುಂಡಾಗ್ತದಾ ಅಂತ ಗೊತ್ತಾಗುದು ಹೇಗೆ?" ಎಂದು ನಕ್ಕ.

ಅವನಿಗೆ ಆ ಮಾವನೇ ಎಲ್ಲ. ಅಪ್ಪ ಅಮ್ಮ ಬೇಗ ಹೋಗಿದ್ದರು, ಸಾಕಿದ್ದು ಓದಿಸಿದ್ದು ಮಾವ. ಮಾವನಿಗೆ ಮಕ್ಕಳಿಲ್ಲ. "ನನಗೆ ಕೊಳ್ಳಿ ಇಡುವವ ನೀನೇ" ಎಂದು ಅವರು ನೆಂಟರೆದುರು ಹೇಳಿದ್ದನ್ನು ಇವನು ಪದವಿ ಪತ್ರದ ಹಾಗೆ ಆಗಾಗ ತೆಗೆದು ತೋರಿಸುತ್ತಿದ್ದ. ಮಗ ಎಂದು ಒಪ್ಪಿಕೊಂಡದ್ದಕ್ಕೆ ಅವನಲ್ಲಿ ಇದ್ದ ಸಾಕ್ಷಿ ಅದೊಂದೇ.

ಮಾವ ಪುತ್ತೂರಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಹೊರಡಬೇಕಾದ ಬೆಳಿಗ್ಗೆ ಇವನು ವಿನ್ಯಾಸವನ್ನು ಲೈವಿಗೆ ಹಾಕಲು ಕುಳಿತ. ಗಡಿಬಿಡಿಯಲ್ಲಿ ಫೈಲುಗಳ ಜೊತೆ ಟೆಸ್ಟಿನ ಸುದ್ದಿಗಳನ್ನೂ ಸೇರಿಸಿ ಪೂರ್ತಿ ನಕಲು ಮಾಡಿಬಿಟ್ಟ. ನಾವು ಚಾ ಕುಡಿದು ಬಂದು ನೋಡುವಾಗ ಮಾವ ಸತ್ತು ಸಾಕಷ್ಟು ಹೊತ್ತಾಗಿತ್ತು. ಕೂಡಲೇ ಅಳಿಸಿದೆವು. ಮೊಬೈಲುಗಳಿಗೆ ಹೋದದ್ದನ್ನು ಅಳಿಸುವುದು ಹೇಗೆ? ಅಟ್ಟ ಮೇಲೆ ಒಲೆ ಉರಿಯಿತು.

ನಮ್ಮಲ್ಲಿ ಸಾವಿನ ಸುದ್ದಿ ಬಂದರೆ ಮನೆಯವರು ಹೇಳಲಿ ಎಂದು ನೆರೆಕರೆಯವರು ಕಾಯುವುದಿಲ್ಲ. ಕೊಡಲಿ ಹಿಡಿದು ಬಂದು ಸತ್ತವರ ಜಾಗದ್ದೇ ಮಾವಿನ ಮರವೊಂದನ್ನು ಉರುಳಿಸುತ್ತಾರೆ. ಹೆಣ ಬರುವಷ್ಟರಲ್ಲಿ ಚಿತೆಗೆ ಸೌದೆ ಆಗಿರಬೇಕು. ಮಾವನ ಅಂಗಳದ ಬದಿಯಲ್ಲಿ ಇದ್ದದ್ದು ಒಂದೇ ಮರ, ಕಾಡು ಜಾತಿಯ ಕಾಟು ಮಾವಿನದ್ದು. ಅದರ ಮಿಡಿಗೆ ಕೈ ಹಾಕಿದವರನ್ನು ಅವರು ಕಲ್ಲು ಹೊಡೆದು ಓಡಿಸುತ್ತಿದ್ದರು.

ನಾವು ಸ್ಕೂಟರಿನಲ್ಲಿ ಮಂಡೆಕೋಲಿಗೆ ತಲುಪುವಾಗ ಮರ ಅಂಗಳಕ್ಕೆ ಅಡ್ಡ ಬಿದ್ದಿತ್ತು. ಬಾವಿಯ ಕಟ್ಟೆ ಜಜ್ಜಿ ಹೋಗಿತ್ತು. ನಮಗಿಂತ ಸ್ವಲ್ಪ ಮೊದಲು ಮಾವ ಬಾಡಿಗೆ ಜೀಪಿನಿಂದ ಇಳಿದಿದ್ದರು. ಕಣ್ಣಿಗೆ ಕರಿ ಕನ್ನಡಕ, ಕೈಯಲ್ಲಿ ಯಾರಿಂದಲೋ ಕಿತ್ತುಕೊಂಡ ಕೊಡಲಿ. ಪಕ್ಕದ ಮನೆಯವರು ಹಣೆ ಹಿಡಿದು ಕೂತಿದ್ದರು, ಬೆರಳ ಸಂದಿಯಲ್ಲಿ ರಕ್ತ ಇಳಿಯುತ್ತಿತ್ತು.

"ನೀವು ಒಂದು ಫೋನು ಮಾಡಬಾರದಿತ್ತಾ?" ಎಂದು ನಾನು ಅವರ ಮೇಲೇ ಕಿರುಚಿದೆ.

"ಸ್ವಂತ ಅಳಿಯನೇ ಹಾಕಿದ್ದಲ್ವಾ ಅಕ್ಕ! ಸತ್ತ ಮನೆಗೆ ಫೋನು ಮಾಡಿ ಸತ್ತದ್ದು ಹೌದಾ ಅಂತ ಕೇಳುದುಂಟಾ?"

ಪಾಲುದಾರ ಮಾವನ ಕಾಲಿಗೆ ಬಿದ್ದ. ಮಾವ ಕೊಡಲಿ ತಿರುಗಿಸಿ ಅದರ ಹಿಡಿಯಿಂದ ಬಾಯಿಗೇ ಹೊಡೆದರು. ಮುಂದಿನ ಹಲ್ಲು ಹಾರಿ ಮಾವಿನ ಸೊಪ್ಪಿನ ಮೇಲೆ ಬಿತ್ತು. ಇನ್ನೊಂದು ಪೆಟ್ಟು ಹೆಗಲಿಗೆ. ಅವನು ಕೈ ಅಡ್ಡ ಹಿಡಿಯಲಿಲ್ಲ. ಹೊಡೆಯಲಿ ಎಂದೇ ಕೂತಿದ್ದ, ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಮೂರನೆಯ ಸಲ ಕೊಡಲಿ ಎದ್ದಾಗ ಅದರ ಬಾಯಿ ಕೆಳಗೆ ತಿರುಗಿತ್ತು. ನಾನು ಹಾರಿ ಮಾವನ ಮಣಿಕಟ್ಟಿಗೆ ಕಚ್ಚಿದೆ. ಉಪ್ಪುಪ್ಪು ರಕ್ತ ಬಾಯಿಗೆ ಬರುವವರೆಗೆ ಬಿಡಲಿಲ್ಲ. ಕೊಡಲಿ ಬಿತ್ತು.

ಮಾವ ಏದುಸಿರು ಬಿಡುತ್ತ ಮರದ ಮೇಲೆ ಕೂತರು. "ಸತ್ತವರ ಹೆಸರಲ್ಲಿ ಕಡಿದದ್ದು, ಒಲೆಗೆ ಹಾಕ್ಲಿಕ್ಕಾಗುದಿಲ್ಲ" ಎಂದು ಯಾರೋ ಮೆಲ್ಲಗೆ ಹೇಳಿದರು.

"ಒಲೆಗೆ ಎಂತಕ್ಕೆ? ನನಗೇ ಇರ್ಲಿ. ಒಟ್ಟಿ ಶೀಟು ಮುಚ್ಚಿ" ಎಂದರು ಮಾವ. ಆಮೇಲೆ ಅಳಿಯನ ಕಡೆ ಬೆರಳು ತೋರಿಸಿದರು. "ಆದ್ರೆ ಇವ ಬೆಂಕಿ ಇಡುದು ಬೇಡ. ಪೆರಾಬೆಯಿಂದ ನನ್ನ ಅಣ್ಣನ ಮಗ ಬರ್ತಾನೆ."

ಪೆಟ್ಟಿಗೆ ಅಳದವನು ಆ ಮಾತಿಗೆ ಅತ್ತ.

ಆಮೇಲೆ ಭಾನುವಾರಗಳಂದು ಮಂಡೆಕೋಲಿಗೆ ಹೋಗಿ ಪೆಟ್ಟು ತಿಂದು ಬರುತ್ತಿದ್ದ. ಒಮ್ಮೆ ತೆಂಗಿನ ಮಡಲು, ಒಮ್ಮೆ ಬಿಸಿ ಗಂಜಿತಿಳಿ. ಬೆನ್ನಿನ ಬೊಬ್ಬೆಗೆ ಮುಲಾಮು ಹಚ್ಚುತ್ತ "ನಿನಗೆ ನಾಚಿಕೆ ಇಲ್ವಾ?" ಎಂದು ಬೈದರೆ, "ಹೊಡೆಯುವಷ್ಟಾದರೂ ಹತ್ತಿರ ಬಿಡ್ತಾರಲ್ಲ ಅಕ್ಕ" ಎನ್ನುತ್ತಿದ್ದ. ಆ ಮುದುಕರನ್ನು ಇನ್ನೊಮ್ಮೆ ಕಚ್ಚಬೇಕು ಅನಿಸುತ್ತಿತ್ತು ನನಗೆ.

ಮುಂದಿನ ವರ್ಷ ಮಿಡಿಯ ಕಾಲದಲ್ಲಿ ಮಾವ ನಿಜವಾಗಿ ತೀರಿಕೊಂಡರು. ಹೃದಯ ನಿಂತದ್ದು, ಸುಳ್ಯದ ಆಸ್ಪತ್ರೆಯಲ್ಲಿ. ಪಾಲುದಾರ ಅಲ್ಲಿಂದ ಸೀದಾ ಆಫೀಸಿಗೆ ಬಂದು ನಿಧನ ವಾರ್ತೆಯನ್ನು ತಾನೇ ಬರೆದ. ಅದೇ ಫೋಟೋ, ಅದೇ ಚೌಕಟ್ಟು. ಗಲ್ಲ ತುಂಡಾಗಿರಲಿಲ್ಲ.

ಮಂಡೆಕೋಲಿಗೆ ಹೆಣ ತಂದಾಗ ಅಂಗಳದಲ್ಲಿ ನರಪಿಳ್ಳೆ ಇಲ್ಲ. ನನ್ನ ಫೋನು ರಿಂಗಾಯಿತು. ಪಕ್ಕದ ಮನೆಯವರು. "ಅಕ್ಕ, ಇದು ಹೌದಾದದ್ದಾ, ಅಲ್ಲ ಈ ಸಲವೂ ನಿಮ್ಮ ಟೆಸ್ಟಾ?" ಹೌದು ಎಂದ ಮೇಲೆ ಓಡಿ ಬಂದರು. ಹಣೆಯ ಗಾಯದ ಕಲೆ ಇನ್ನೂ ಇತ್ತು. ಶೀಟು ತೆಗೆದು ಒಣಗಿದ ಮಾವಿನ ಸೌದೆಯನ್ನು ಗುಡ್ಡಕ್ಕೆ ಹೊತ್ತರು.

"ಪೆರಾಬೆಗೆ ಫೋನು ಮಾಡಿದ್ಯಾ?" ನಾನು ಪಾಲುದಾರನನ್ನು ಕೇಳಿದೆ.

"ಸೈಟಿನಲ್ಲಿ ಹಾಕಿದ್ದೇನಲ್ಲ" ಎಂದ. ನನ್ನ ಮುಖ ನೋಡಲಿಲ್ಲ.

ಪೆರಾಬೆಯವನ ನಂಬರು ನನ್ನ ಫೋನಿನಲ್ಲೂ ಇತ್ತು. ಮಾವನ ಮಾತನ್ನು ನಾನೂ ಕೇಳಿದ್ದೆ. ಫೋನನ್ನು ಬ್ಯಾಗಿಗೆ ಹಾಕಿದೆ. ಇವತ್ತಿಗೂ ಅದಕ್ಕೆ ನನಗೆ ಬೇಜಾರಿಲ್ಲ.

ಪೆರಾಬೆಯವನು ಯಾರಿಂದಲೋ ತಿಳಿದು ಸಂಜೆಗೆ ಬಂದಾಗ ಚಿತೆ ಕುಸಿದು ಕೆಂಡವಾಗಿತ್ತು. ಕೊಳ್ಳಿ ಇಟ್ಟು ಗುಡ್ಡದಿಂದ ಒದ್ದೆ ಬಟ್ಟೆಯಲ್ಲಿ ಇಳಿದು ಬರುತ್ತಿದ್ದ ಪಾಲುದಾರನ ಕುತ್ತಿಗೆ ಹಿಡಿದು, ಅಂಗಳಕ್ಕೆ ಕೆಡವಿ, ಎದೆಗೆ ಒದ್ದ, ಮುಖಕ್ಕೆ ಗುದ್ದಿದ. "ನನಗೆ ಯಾಕೆ ಹೇಳ್ಲಿಲ್ಲ? ಹೇಳು, ಯಾಕೆ ಹೇಳ್ಲಿಲ್ಲ?"

ಮಾವನ ಎದುರು ಎಂದೂ ಎತ್ತದ ಕೈ ಈಗ ಎದ್ದಿತು. ಒಂದೇ ಪೆಟ್ಟಿಗೆ ಪೆರಾಬೆಯವನು ಕಡಿದ ಮರದ ಬುಡಕ್ಕೆ ಹೋಗಿ ಬಿದ್ದ. ಪಾಲುದಾರ ಬಾಯಿಯ ರಕ್ತ ಉಗಿದು ಅವನ ಮೇಲೆ ಬಾಗಿದ.

"ಹಾಕಿದ್ದೆ. ನೀನು ನಂಬ್ಲಿಲ್ಲ" ಎಂದ.