ಬಸ್ಸಾರಿಗೆ ಬೆಲ್ಲ

"ಮಾತಾಡ್ತಾನೇ ಇರಿ ಅಮ್ಮ. ನೀವು ಸುಮ್ಮನಾದ್ರೆ ನೋವಾಯ್ತು ಅಂದ್ಕೊಂಡು ಕೈ ತೆಗೀತೀನಿ" ಅಂದರು ಡಾಕ್ಟರು. ಜಯನಗರದ ಆಸ್ಪತ್ರೆಯಲ್ಲಿ ಬೋರಲು ಮಲಗಿದ್ದೆ. ಬೆನ್ನಿಗಷ್ಟೇ ಮರಗಟ್ಟಿಸುವ ಇಂಜೆಕ್ಷನ್. ಸಣ್ಣ ತೂತಿನೊಳಗಿಂದ ಕಿಡ್ನಿ ಕಲ್ಲು ಪುಡಿಯಾಗುತ್ತಿತ್ತು, ನನಗೆ ಪೂರ್ತಿ ಎಚ್ಚರ. ಭಯಕ್ಕೆ ಬಾಯಿಗೆ ಬಂದದ್ದು ಬಸ್ಸಾರು. ಕಾಳು, ಸೊಪ್ಪು ಬೇಯಿಸಿ, ಕಟ್ಟು ಬಸಿದು, ಖಾರ ರುಬ್ಬೋವರೆಗೂ ಹೇಳಿದೆ.

"ಆಮೇಲೆ ಒಂದು ಚೂರು ಬೆಲ್ಲ, ಅಲ್ವಾ?" ಅಂದರು.

ನನಗೆ ಮಾತೇ ಹೊರಡಲಿಲ್ಲ. ಡಾಕ್ಟರು ಗಾಬರಿಯಾಗಿ ಕೈ ತೆಗೆದರು. "ನೋವಾಯ್ತಾ ಅಮ್ಮ?"

"ಆಗ್ದೇ ಇರತ್ತಾ ಸಾರ್? ಬಸ್ಸಾರಿಗೆ ಯಾರಾದ್ರೂ ಬೆಲ್ಲ ಹಾಕ್ತಾರಾ!"

ಮುಂದಿನ ಚೆಕಪ್ಪಿಗೆ ಹೊಸಕೆರೆಹಳ್ಳಿಯ ಮನೆಯಿಂದ ಒಂದು ಡಬ್ಬಿ ಬಸ್ಸಾರು ಹೊತ್ತುಕೊಂಡು ಹೋದೆ. ಡಾಕ್ಟರು ಅಲ್ಲೇ ರುಚಿ ನೋಡಿ, "ಬೆಲ್ಲ ಬೇಕಿಲ್ಲ ಬಿಡಿ ಅಮ್ಮ" ಅಂದರು. ಕಲ್ಲು ತೆಗೆದಾಗಲೂ ನನಗೆ ಅಷ್ಟು ಹಗುರ ಅನ್ನಿಸಿರಲಿಲ್ಲ.