ಬೀಡಿಂಗ್ ಹಿಂದಿನ ಹಳದಿ ಗೀರು

ನವಿ ಮುಂಬೈಯ ಘಣಸೋಲಿಯಲ್ಲಿ ಬ್ಲೌಸ್ ಹೊಲಿಯುವ ಸುಗುಣಾ ಎಂದರೆ ಅವಳ ಫ್ಲ್ಯಾಟ್ ಸೊಸೈಟಿಯಲ್ಲಿ ಎಲ್ಲರಿಗೂ ಗೊತ್ತು. ಗದಗಿನ ಕಡೆಯಿಂದ ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಗಂಡ ರಾಜಶೇಖರ ಮಹಾಪೆಯ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ. ಮಗಳು ಸ್ನೇಹಲ್ ಕಾಲೇಜಿನಲ್ಲಿದ್ದಾಳೆ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ನಲವತ್ತೊಂದನೆಯ ವಯಸ್ಸಿನಲ್ಲಿ ಸುಗುಣಾ ಕಾರು ಕಲಿತಳು. ವಾಶಿಯ ಗಿರಾಕಿಗಳಿಗೆ ಬ್ಲೌಸ್ ಮುಟ್ಟಿಸಲು ರಿಕ್ಷಾ ಕಾಯುವುದು ತಪ್ಪಿತು. ಮದುವೆಯ ಬ್ಲೌಸುಗಳನ್ನು ಸುಕ್ಕು ಬೀಳದಂತೆ ಹಿಂದಿನ ಸೀಟಿನ ಮೇಲೆ ಹಾಸಿಕೊಂಡು ಒಬ್ಬಳೇ ಹೋಗುವಾಗ ದೊಡ್ಡ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳು ಹಾಡಿದ್ದನ್ನು ಯಾರೂ ಕೇಳಿದವರಿಲ್ಲ.

ಇದು ಏಳು ತಿಂಗಳು ನಡೆಯಿತು. ಒಂದು ಭಾನುವಾರ ವಾಶಿಗೆ ಹೋಗಿ ಬಂದಳು. ಮರುದಿನ ರಾಜಶೇಖರ ರಜೆ ಹಾಕಿ, ಕಾಲೇಜಿನ ಅಡ್ಮಿಶನ್ನಿಗೆಂದು ಸ್ನೇಹಲ್‌ಳನ್ನು ಅದೇ ಕಾರಿನಲ್ಲಿ ನೆರೂಲಿಗೆ ಕರೆದೊಯ್ದ. ಸಂಜೆ ತಿರುಗಿ ಬಂದಾಗ ಕಾರಿನ ಎಡಗಡೆ ಹಿಂಬಾಗಿಲಿನ ಹೊರಮೈಗೆ ಗೀರು ಬೀಳದಂತೆ ಹಚ್ಚುವ ಕಪ್ಪು ಬೀಡಿಂಗ್ ಪಟ್ಟಿ ಸೊಟ್ಟಗೆ ಅಂಟಿಕೊಂಡಿತ್ತು.

"ನಿನ್ನೆ ನೀ ಗೇಟಿಗೆ ಒರಸೀದಿ ನೋಡು," ಎಂದ. "ಇವತ್ತ ದಾರ್ಯಾಗ ಕಿತ್ತು ಬಂತು. ನಾನ ಅಂಟು ತಂದು ಹಚ್ಚೀನಿ."

ಸೊಸೈಟಿಯ ಗೇಟು ಇಕ್ಕಟ್ಟಾದದ್ದೇ. ತಾಗಿದ ಸದ್ದು ಕೇಳಿದ ನೆನಪಿರಲಿಲ್ಲ, ಆದರೆ ಹಾಡುತ್ತ ಬಂದದ್ದು ನೆನಪಿತ್ತು. ತನ್ನದೇ ತಪ್ಪು ಎಂದುಕೊಂಡಳು. ಅಂದಿನಿಂದ ಸ್ಟೀರಿಂಗ್ ಮುಟ್ಟಲಿಲ್ಲ. ಟಿಟ್ವಾಳಾದ ಭಾವನ ಮನೆಗೆ ಹೋದಾಗಲೆಲ್ಲ ರಾಜಶೇಖರ, "ನಮ್ಮ ಮೇಡಂ ಗಾಡಿ ಹೊಡದ್ರ ಗೇಟ ಹೆದರತೈತಿ" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಸ್ನೇಹಲ್ ಕೂಡ. ಸುಗುಣಾಳೂ ನಕ್ಕು ಒಳಗೆ ಹೋಗುತ್ತಿದ್ದಳು.

ಮೂರು ವರ್ಷದ ಮೇಲೆ ಈ ಏಪ್ರಿಲ್ ಬಿಸಿಲಿಗೆ ಪಟ್ಟಿಯ ಒಂದು ತುದಿ ಮತ್ತೆ ಬಿಟ್ಟುಕೊಂಡಿತು. ಗ್ಯಾರೇಜಿಗೆ ಯಾಕೆ, ತಾನು ಕೆಡಿಸಿದ್ದನ್ನು ತಾನೇ ಸರಿಮಾಡುತ್ತೇನೆ ಎಂದು ಸುಗುಣಾ ಒಂದು ಭಾನುವಾರ ಬೆಳಿಗ್ಗೆ ಪಾರ್ಕಿಂಗಿಗೆ ಇಳಿದಳು. ಗಟ್ಟಿ ನೈಲಾನ್ ದಾರವನ್ನು ಪಟ್ಟಿಯ ಹಿಂದೆ ತೂರಿಸಿ ಗರಗಸದಂತೆ ಆಡಿಸಿದಾಗ ಪಟ್ಟಿ ಪೂರ್ತಿ ಕೈಗೆ ಬಂತು. ಒಣಗಿದ ಅಂಟನ್ನು ಉಗುರಿನಿಂದ ಕೆರೆದು, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದಳು. ಅಂಟಿನ ಕೆಳಗೆ ಗೇಣುದ್ದದ ಗೀರು. ಗೀರಿನ ತುಂಬ ಹಳದಿ ಬಣ್ಣ ಮೆತ್ತಿಕೊಂಡಿತ್ತು.

ಎಷ್ಟು ಒರೆಸಿದರೂ ಅದು ಹೋಗಲಿಲ್ಲ. ಸೊಸೈಟಿಯ ಗೇಟು ಅವಳು ಬಂದಾಗಿನಿಂದಲೂ ಹಸಿರು.

ಪಟ್ಟಿ ಹಿಡಿದುಕೊಳ್ಳಲು ಸ್ನೇಹಲ್ ಕೆಳಗೆ ಬಂದಳು. ಗೀರನ್ನು ನೋಡಿದ್ದೇ ಕಣ್ಣು ತಪ್ಪಿಸಿದಳು.

"ಈ ಹಳದಿ ಎಲ್ಲೀದು?" ಸುಗುಣಾ ಕೇಳಿದಳು.

ಹುಡುಗಿ ಪಟ್ಟಿಯ ತುದಿ ಎತ್ತಿಕೊಂಡಳು. "ನೆರೂಲ್ ಕಾ ಪಾರ್ಕಿಂಗ್. ಪಪ್ಪಾ ರಿವರ್ಸ್ ಲೇ ರಹೇ ಥೇ, ಖಂಬಾ ಲಗಾ."

"ನೀ ಕಾರಿನ್ಯಾಗ ಇದ್ದಿ?"

"ಥೀ ನಾ. ಪಪ್ಪಾ ಬೋಲೇ, ಮಮ್ಮಿ ಕೋ ಮತ್ ಬತಾನಾ."

ಗಾಡಿ ಹಿಂದೆ ತೆಗೆಯುವಾಗ ಪಾರ್ಕಿಂಗಿನ ಹಳದಿ ಕಂಬಕ್ಕೆ ತಾಗಿಸಿದವನು ಗಂಡ. ಅಮ್ಮನಿಗೆ ಹೇಳಬೇಡ ಅಂದವನೂ ಅವನೇ. ಮಗಳು ಮೂರು ವರ್ಷ ಆ ಮಾತು ಉಳಿಸಿಕೊಂಡಿದ್ದಳು. ಗಂಡನ ಸುಳ್ಳನ್ನು ಸುಗುಣಾ ಹೇಗೋ ನುಂಗಿಯಾಳು. ಟಿಟ್ವಾಳಾದಲ್ಲಿ ಎಲ್ಲ ಗೊತ್ತಿದ್ದೂ ನಕ್ಕ ಮಗಳ ಮುಖ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ. ಕೂತಲ್ಲೇ ಬಾಗಿಲಿಗೆ ಒರಗಿದಳು.

"ನೀ ಮ್ಯಾಲ ಹೋಗು," ಎಂದಳು.

ಎರಡೂ ಬದಿಗೆ ಅಂಟುವ ಡಬಲ್ ಟೇಪು ಅಂಟಿಸಿ, ಪಟ್ಟಿಯನ್ನು ಮುಂಬಾಗಿಲಿನ ಪಟ್ಟಿಗೆ ಸರಿಯಾಗಿ ಹೊಂದಿಸಿ, ಅಂಗೈಯಿಂದ ತುದಿಯವರೆಗೂ ಒತ್ತಿದಳು. ಮೇಲೆ ಅಡ್ಡಡ್ಡ ಮಾಸ್ಕಿಂಗ್ ಟೇಪು ಬಿಗಿದಳು, ಒಂದು ದಿನ ಅಲುಗಾಡಬಾರದು ಎಂದು. ಕೆಲಸ ಅರ್ಧಕ್ಕೆ ಬಿಡುವುದು ಅವಳಿಗೆ ಬಾರದು.

ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು. "ರೀ, ನೆರೂಲದಾಗ ಕಂಬಕ್ಕ ತಾಗಿಸಿದವ್ರು ನೀವಾ?"

ರಾಜಶೇಖರ ಮಗಳ ಕಡೆ ನೋಡಿದ. ರೊಟ್ಟಿ ಮುರಿದ. "ಆವತ್ತ ಗಡಿಬಿಡ್ಯಾಗ ಬಾಯಿಗೆ ಬಂದದ್ದು ಹೇಳಿದೆ. ಆಮ್ಯಾಲ ಹ್ಯಾಂಗ ತಿರುಗಿಸಿ ಹೇಳ್ಲಿ?"

"ಮೂರು ವರ್ಷ ನಾ ಗಾಡಿ ಮುಟ್ಟಿಲ್ಲ."

"ಹೊಡೀಬ್ಯಾಡ ಅಂತ ನಾ ಅಂದಿದ್ನೇನು? ನೀನ ಬಿಟ್ಟಿ."

ಅದು ನಿಜ, ಅವನು ಬೇಡ ಅಂದಿರಲಿಲ್ಲ. ಬ್ಲೌಸಿನ ಚೀಲ ಹಿಡಿದು ಅವಳು ರಿಕ್ಷಾಕ್ಕೆ ನಿಂತಾಗ ಬಾಲ್ಕನಿಯಿಂದ ನೋಡುತ್ತಿದ್ದ, ಅಷ್ಟೇ. ಸುಗುಣಾ ತಟ್ಟೆ ಎತ್ತಿಕೊಂಡು ಎದ್ದಳು.

ಮುಂದಿನ ಭಾನುವಾರ ಅವಳೇ ಕೀಲಿ ತೆಗೆದುಕೊಂಡಳು. "ನಾ ಬಾಜೂಕ ಕೂಡ್ತೀನಿ," ಎಂದು ರಾಜಶೇಖರ ಚಪ್ಪಲಿ ಮೆಟ್ಟಿದ. "ಬ್ಯಾಡ್ರಿ," ಎಂದಳು. ಗೇಟಿನಲ್ಲೇ ಎರಡು ಸಲ ಗಾಡಿ ಬಂದ್ ಬಿತ್ತು. ಹಿಂದಿನವನು ಹಾರ್ನ್ ಹೊಡೆದ. ಕಿಟಕಿಯ ಗಾಜು ಏರಿಸಿಕೊಂಡು ನಿಧಾನಕ್ಕೆ ವಾಶಿ ಮುಟ್ಟಿದಳು. ದಾರಿಯಲ್ಲಿ ಹಾಡು ಬರಲಿಲ್ಲ.

ಗಂಡನ ಜೊತೆ ಮಾತು ನಾಲ್ಕೈದು ದಿನದಲ್ಲಿ ಮೊದಲಿನಂತಾಯಿತು. ಸ್ನೇಹಲ್ ಒಂದು ರಾತ್ರಿ ಬಂದು ಅಪ್ಪಿಕೊಂಡು ಸಾರಿ ಅಂದಳು, ಸುಗುಣಾ ತಲೆ ಸವರಿದಳು. ಆದರೂ ಮಗಳು ಫೋನು ಮಾಡಿ, ಕ್ಲಾಸು ಇವತ್ತು ಏಳಕ್ಕೆ ಬಿಡುತ್ತದೆ ಅಂದರೆ, ಹೂಂ ಅನ್ನುವ ಮೊದಲು ಸುಗುಣಾ ಈಗ ನಿಜವಿದ್ದೀತೇ ಎಂದು ಒಮ್ಮೆ ಗಡಿಯಾರ ನೋಡುತ್ತಾಳೆ.