ಭಾಲ್ಕಿ ಟೈಮಿನ ಗ್ರಹಣ

ಭಾಲ್ಕಿಯ ನಮ್ಮ ಮನೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ಒಂದು ಸರ್ಟಿಫಿಕೇಟ್ ತೂಗುತ್ತದೆ. ನನ್ನ ಗಂಡ ಬೀದರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವರು. ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತು ಖಗೋಳ ವಿಜ್ಞಾನದ ಆನ್‌ಲೈನ್ ಕೋರ್ಸ್ ಮುಗಿಸಿದ್ದಕ್ಕೆ ಬಂದದ್ದು ಅದು. ಅತ್ತೆ ದಿನಾ ಊದಿನಕಡ್ಡಿ ಬೆಳಗುವಾಗ ಅದಕ್ಕೂ ಎರಡು ಸುತ್ತು ಬೆಳಗುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ಅವರಿಗೆ ಗೊತ್ತಿಲ್ಲ. ಪಡೆದವರಿಗೆ ಗೊತ್ತಿದೆ ಎಂದು ನಾನೂ ಆಣೆ ಮಾಡಿ ಹೇಳಲಾರೆ.

ಆ ತಿಂಗಳುಗಳಲ್ಲಿ ಬೆಳಗಿನ ಚಹಾದ ಜೊತೆ ಮಂಗಳನ ಕಲ್ಲುಗಳ ಫೋಟೋ, ಊಟದ ಜೊತೆ ಶನಿಯ ಉಂಗುರ. ಬಾಹ್ಯಾಕಾಶ ನಿಲ್ದಾಣ ನಮ್ಮ ಮಾಳಿಗೆಯ ಮೇಲೆ ಯಾವಾಗ ಹಾಯುತ್ತದೆಂದು ಹೇಳುವ ಆ್ಯಪ್ ಅವರ ಫೋನಿನಲ್ಲಿತ್ತು. ಔರಾದ ಕಡೆಯ ನನ್ನ ತವರು ಠಾಣಾ ಕುಶನೂರಿಗೆ ಬಸ್ ಯಾವಾಗ ಶುರುವಾಗುತ್ತದೆಂದು ಹೇಳುವ ಆ್ಯಪ್ ಮಾತ್ರ ಇರಲಿಲ್ಲ.

ನಾನು ಆಗ ಏಳು ತಿಂಗಳ ಬಸುರಿ. ಹೊಟ್ಟೆ ಖಾಲಿ ಬಿಡಬೇಡಿ, ತಲೆ ತಿರುಗಿ ಬಿದ್ದೀರಿ ಎಂದು ಡಾಕ್ಟರು ತಾಕೀತು ಮಾಡಿದ್ದರು. ಅಷ್ಟರಲ್ಲಿ ಸೂರ್ಯಗ್ರಹಣ ಬಂತು.

ಬಸುರಿ ಗ್ರಹಣದಲ್ಲಿ ಉಂಡರೆ, ಹೊರಗೆ ಕಾಲಿಟ್ಟರೆ ಕೂಸಿನ ತುಟಿ ಸೀಳುತ್ತದೆ ಎಂಬ ಹೆದರಿಕೆ ನಮ್ಮ ಕಡೆ ಇನ್ನೂ ಇದೆ. ಅತ್ತೆ ನಂಬಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸರ್ಟಿಫಿಕೇಟಿನವರು ಒಂದು ಮಾತು ಆಡಲಿ ಎಂದು ಕಾದೆ. ಆಡಿದರು.

“ಅವ್ವಾ, ಕ್ಯಾಲೆಂಡರಿನಾಗಿಂದು ಬೆಂಗಳೂರು ಟೈಂ ಅದ. ನಮ್ಮ ಭಾಲ್ಕಿದು ನಾ ತೆಗೆದು ಕೊಡ್ತೇನಿ.”

ಯಾವುದೋ ವಿದೇಶಿ ಬಾಹ್ಯಾಕಾಶ ವೆಬ್‌ಸೈಟಿನಲ್ಲಿ ಭಾಲ್ಕಿಯ ಅಕ್ಷಾಂಶ, ರೇಖಾಂಶ ಹಾಕಿ, ಗ್ರಹಣ ಹಿಡಿಯುವ, ಬಿಡುವ ಹೊತ್ತನ್ನು ಸೆಕೆಂಡು ಸಮೇತ ತೆಗೆದರು. ನಮ್ಮಲ್ಲಿ ಕ್ಯಾಲೆಂಡರಿಗಿಂತ ತಡವಾಗಿ ಬಿಡುತ್ತಿತ್ತು. ವಿಜ್ಞಾನದ ದಯೆಯಿಂದ ನನ್ನ ಉಪವಾಸ ಇನ್ನಷ್ಟು ಉದ್ದವಾಯಿತು. ಮನ್ನಳ್ಳಿ, ಸಾಯಗಾಂವದ ನೆಂಟರೂ ಫೋನ್ ಹಚ್ಚಿದರು: “ಸರ್, ನಮ್ಮೂರಿಂದು ಬರಾಬರ್ ಟೈಂ ಹೇಳ್ರಿ, ಕೊಡದ ನೀರು ಚೆಲ್ಲಬೇಕಲ್ರಿ.” ಇವರು ಊರೂರಿಗೆ ಬೇರೆ ಬೇರೆ ಸೆಕೆಂಡು ಹಂಚಿದರು. ಆ ಗತ್ತು ನೋಡಬೇಕಿತ್ತು! ರಾಕೆಟ್ ಹಾರಿಸುವವರಿಗೂ ಅಷ್ಟು ಇರಲಿಕ್ಕಿಲ್ಲ.

“ಇಷ್ಟು ಓದಿದ ನೀವೇ ಹಿಂಗಂದ್ರ ಹ್ಯಾಂಗ್ರಿ?” ಎಂದು ಕೇಳಿದೆ.

“ಸೈನ್ಸ್ ಸೈನ್ಸಿನ ಜಾಗಾದಾಗ. ಮನಿ ಮಾತು ಬ್ಯಾರೆ. ಖಾಲಿಪೀಲಿ ರಿಸ್ಕ್ ಯಾಕ?”

ಗ್ರಹಣದ ದಿನ ಕಿಟಕಿಗಳಿಗೆ ಕಂಬಳಿ ಬಿದ್ದವು, ನೀರಿನ ಕೊಡಕ್ಕೆ ಗರಿಕೆ ಬಿತ್ತು. ಕತ್ತಲ ಕೋಣೆಯಲ್ಲಿ ನಾನು ಮೂಲೆಯಲ್ಲಿ, ಅತ್ತೆ ಜಪದಲ್ಲಿ, ಗಂಡ ಫೋನಿನಲ್ಲಿ. ನಮ್ಮ ತಲೆಯ ಮೇಲೆಯೇ ನಡೆಯುತ್ತಿದ್ದ ಗ್ರಹಣವನ್ನು ಅವರು ಬೇರೆ ದೇಶದ ಲೈವ್‌ನಲ್ಲಿ ನೋಡುತ್ತಿದ್ದರು. ಬಗ್ಗಿ ನೋಡಿದರೆ ಖಗೋಳ ಆಸಕ್ತರ ಗ್ರೂಪಿಗೆ ಬರೆಯುತ್ತಿದ್ದಾರೆ: ‘ಭಾಲ್ಕಿಯಿಂದ ನಮಸ್ಕಾರ. ಆಕಾಶ ಶುಭ್ರ. ನಮ್ಮ ಅಂಗಳದಿಂದ ದೃಶ್ಯ ಅದ್ಭುತ!’

ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು, ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಸಿಟ್ಟು ನೆತ್ತಿಗೇರಿತು. ಗ್ರಹಣ ಬಿಟ್ಟ ಮೇಲೆ ದನಕ್ಕೆ ಹಾಕಲೆಂದು ತೆಗೆದಿಟ್ಟ ನಿನ್ನೆಯ ಜೋಳದ ರೊಟ್ಟಿ ಎತ್ತಿಕೊಂಡು, ಬಾಗಿಲು ತೆಗೆದು ಅಂಗಳಕ್ಕೆ ನಡೆದೆ. “ಈಕಿಗೇನು ಬಂತವ್ವಾ!” ಎಂದು ಅತ್ತೆ ಕೂಗಿದರು. ಹೊಸ್ತಿಲು ದಾಟಿ ಮಾತ್ರ ಯಾರೂ ಬರಲಿಲ್ಲ.

ಮೇಲೆ ನೋಡಲಿಲ್ಲ, ಕಣ್ಣು ಹೋಗುತ್ತದೆಂದು ಗಂಡನೇ ಓದಿ ಹೇಳಿದ್ದರು. ನೆಲ ನೋಡಿದೆ. ಬೇವಿನ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ದುಂಡು ಚುಕ್ಕಿಗಳೆಲ್ಲ ಒಂದು ಕಡೆ ಕಚ್ಚಿದ ರೊಟ್ಟಿಯ ಹಾಗಿದ್ದವು. ಅಂಗಳದ ತುಂಬ ಪುಟ್ಟ ಪುಟ್ಟ ಸೂರ್ಯರು, ನನ್ನ ಹೊಟ್ಟೆಯ ಮೇಲೂ ಒಂದಷ್ಟು. ನಿಂತಲ್ಲೇ ರೊಟ್ಟಿ ಮುರಿದು ತಿಂದೆ. ಖುಷಿಗೆ ಗಟ್ಟಿಯಾಗಿ ನಕ್ಕೂಬಿಟ್ಟೆ.

ಅಷ್ಟರಲ್ಲಿ ಒಳಗೆ ನೆಟ್‌ವರ್ಕ್ ಕೈಕೊಟ್ಟು ಲೈವ್ ನಿಂತಿತು. ಕಂಬಳಿಯ ಹಿಂದಿನಿಂದ ಗಂಡನ ದನಿ ಮೆಲ್ಲಗೆ ಬಂತು: “ಏ, ಈಗ ಎಷ್ಟು ಮುಚ್ಚೇದ? ಗ್ರೂಪಿನಾಗ ಕೇಳ್ಲಕತ್ತಾರ.”

“ಶೇಂಗಾ ಚಟ್ನಿ ಡಬ್ಬಿ ಕೊಡ್ರಿ, ಹೇಳ್ತೇನಿ.”

ಕಂಬಳಿಯ ಸಂದಿನಿಂದ ಡಬ್ಬಿ ಹೊರಗೆ ಬಂತು. ಕೊಟ್ಟ ಕೈ ತಟ್ಟನೆ ಒಳಗೆ ಹೋಯಿತು. ಅರ್ಧದಷ್ಟು ಮುಚ್ಚಿದೆ ಎಂದೆ. ನನ್ನ ಮಾತು ಅಕ್ಷರ ಬಿಡದೆ ಗ್ರೂಪಿಗೆ ಹೋಯಿತು. ಸರ್ ಅವರ ವೀಕ್ಷಣೆಗೆ ಹಾರ್ಟುಗಳ ಸುರಿಮಳೆ! ಗ್ರಹಣ ಬಿಟ್ಟ ಮೇಲೆ ಎಲ್ಲರಿಗೂ ಒಂದು ಸಲ ಸ್ನಾನ, ನನಗೆ ಎರಡು ಸಲ.

ಶ್ರಾವಣದಲ್ಲಿ ಬೀದರಿನ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ನರ್ಸ್ ಕೂಸನ್ನು ಇವರ ಕೈಗಿಟ್ಟರು. ಇವರು ಕಣ್ಣು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ತೋರುಬೆರಳಿನಿಂದ ಮೇಲ್ತುಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು. ಮತ್ತೊಮ್ಮೆ ಸವರಿದರು.

ಮಲಗಿದಲ್ಲಿಂದಲೇ ಹೇಳಿದೆ: “ತುಟಿ ಬರಾಬರ್ ಅದರಿ. ಗ್ರೂಪಿನಾಗ ಹಾಕ್ರಿ.”